ನಾಲ್ಕು ಸೊನ್ನೆಯೋ, ನಾಲ್ಕನೇ ನಂಬರೋ? ಬೆಳ್ಳಿ ಕೊರೆಯುವ ಗರಗಸದ ಬ್ಲೇಡು

ಪ್ರಶ್ನೆ: ನಾನು ಚಿಕ್ಕಮಗಳೂರಿನವಳು. ಒಂದು ವರ್ಷದಿಂದ ಮನೆಯಲ್ಲೇ ಬೆಳ್ಳಿ ಒಡವೆ ಮಾಡುವುದನ್ನು ಕಲಿಯುತ್ತಿದ್ದೇನೆ. ಬೇಲೂರು ದೇವಸ್ಥಾನದ ಜಾಲಂಧ್ರದ (ಕಲ್ಲಿನಲ್ಲಿ ಕೊರೆದ ಜಾಲರಿ ಕಿಟಕಿಯ) ವಿನ್ಯಾಸವನ್ನು 22 ಗೇಜ್ ತಗಡಿನಲ್ಲಿ ಕೊರೆದು ಪದಕ ಮಾಡಬೇಕೆಂಬ ಆಸೆ. ಪರಿಚಯದ ಆಚಾರ್ರೊಬ್ಬರು ‘ನಾಲ್ಕು ತಗೊಳ್ಳಿ’ ಅಂದಿದ್ದರು. ಹಾರ್ಡ್‌ವೇರ್ ಅಂಗಡಿಯಲ್ಲಿ ನಾಲ್ಕನೇ ನಂಬರಿನ ಬ್ಲೇಡು ಸಿಕ್ಕಿತು. ಅದು ತಗಡನ್ನು ಕಚ್ಚಿಕೊಂಡು ಜಗ್ಗುತ್ತದೆ, ತಗಡು ಸೊಟ್ಟಗಾಗುತ್ತದೆ. ಆಮೇಲೆ ಎಲ್ಲಕ್ಕಿಂತ ಸಣ್ಣದೇ ಒಳ್ಳೆಯದಿರಬೇಕೆಂದು ಆನ್‌ಲೈನಿನಲ್ಲಿ 8/0 ತರಿಸಿದೆ. ಒಂದೇ ಸಂಜೆ ಹನ್ನೊಂದು ಮುರಿದವು. ಯಾವ ಕಂಪನಿಯ, ಯಾವ ನಂಬರಿನ ಬ್ಲೇಡು ಕೊಳ್ಳಲಿ? ಸ್ವಿಸ್ ಬ್ಲೇಡಿಗೆ ಅಷ್ಟು ದುಡ್ಡು ಹಾಕುವುದು ದಂಡವಲ್ಲವೇ?

ಉತ್ತರ: ಹನ್ನೊಂದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ನಾನು ಹಾಸನದಲ್ಲಿ ಕೆಲಸಕ್ಕೆ ಕೂತ ಮೊದಲ ವಾರ ಎಷ್ಟು ಮುರಿದೆ ಅನ್ನುವ ಲೆಕ್ಕ ನಮ್ಮ ಗುರುಗಳ ಹತ್ತಿರ ಮಾತ್ರ ಇತ್ತು. ಅದನ್ನು ಕೂಲಿಯಲ್ಲಿ ಹಿಡಿದುಕೊಳ್ಳಲಿಲ್ಲ, ಅದೇ ಅವರ ದೊಡ್ಡತನ.

ನಿಮಗೆ ‘ನಾಲ್ಕು’ ಅಂದ ಆಚಾರ್ರು ತಪ್ಪೇನೂ ಹೇಳಿಲ್ಲ. ಅವರ ಮನಸ್ಸಿನಲ್ಲಿದ್ದದ್ದು ನಾಲ್ಕು ಸೊನ್ನೆ, ಅಂದರೆ 4/0, ಬಾಯಲ್ಲಿ ‘ಫೋರ್ ಜೀರೋ’. ನಮ್ಮ ನಮ್ಮಲ್ಲಿ ಮಾತಾಡುವಾಗ ಸೊನ್ನೆ ನುಂಗಿಬಿಡುತ್ತೇವೆ, ಯಾಕಂದರೆ ಒಡವೆ ಕೆಲಸದಲ್ಲಿ ಬರೀ ನಾಲ್ಕನೇ ನಂಬರು ಬೇಕಾಗುವುದೇ ಅಪರೂಪ. ಅಂಗಡಿಯವರು ಕೇಳಿದ್ದನ್ನೇ ಕೊಟ್ಟರು. ನಾನೂ ಒಮ್ಮೆ ಬೆಂಗಳೂರಿಗೆ ಹೊರಟ ಹುಡುಗನಿಗೆ ಬಾಯಲ್ಲೇ ‘ಎರಡು ಡಜನ್ ನಾಲ್ಕು’ ಅಂತ ಹೇಳಿ ಕಳಿಸಿ, ಅವನು ತಂದ ಬ್ಲೇಡುಗಳನ್ನು ಹಲವು ವರ್ಷ ಹಿತ್ತಾಳೆ ಸರಳು ತುಂಡು ಮಾಡಲು ಬಳಸಿದ್ದೇನೆ. ಅಂದಿನಿಂದ ಚೀಟಿ ಬರೆದು ಕಳಿಸುವ ಅಭ್ಯಾಸ.

ನಂಬರಿನ ಕ್ರಮ ಹೀಗೆ. ನಡುವೆ ಒಂದು ಸೊನ್ನೆ. ಅದರಿಂದ ಮೇಲಕ್ಕೆ 1, 2, 3, 4 ಅಂತ ಹೋದಂತೆ ಬ್ಲೇಡು ದಪ್ಪ, ಹಲ್ಲು ದೊಡ್ಡದು. ಅದರಿಂದ ಕೆಳಕ್ಕೆ 2/0, 3/0, 4/0 ಅಂತ ಸೊನ್ನೆಗಳು ಹೆಚ್ಚಿದಂತೆ ಬ್ಲೇಡು ಸಣ್ಣ, ಹಲ್ಲು ನಯ. 8/0 ತುತ್ತತುದಿ. ಅಲಗಿನ ದಪ್ಪ 8/0ರಲ್ಲಿ ಸುಮಾರು 0.16 ಮಿ.ಮೀ., 4/0ರಲ್ಲಿ 0.22, 2/0ರಲ್ಲಿ 0.26, ನಾಲ್ಕನೇ ನಂಬರಿನಲ್ಲಿ 0.38. ಕಂಪನಿಯಿಂದ ಕಂಪನಿಗೆ ಕೂದಲೆಳೆಯಷ್ಟು ಆಚೀಚೆ ಇರುತ್ತದೆ.

ಈಗ ನಿಮ್ಮ ತಗಡಿಗೆ ಬರೋಣ. ನಮ್ಮಲ್ಲಿ ತಗಡು, ತಂತಿ ಮಾರುವವರು ಹೇಳುವ ಗೇಜು ಬ್ರಿಟಿಷರ ಕಾಲದಿಂದ ಬಂದ ಸ್ಟ್ಯಾಂಡರ್ಡ್ ವೈರ್ ಗೇಜ್, ಅಂದರೆ ಎಸ್‌ಡಬ್ಲ್ಯುಜಿ. ಅದರಲ್ಲಿ 22 ಗೇಜ್ ಅಂದರೆ 0.71 ಮಿ.ಮೀ. ನೀವು ಇಂಟರ್ನೆಟ್ಟಿನಲ್ಲಿ ನೋಡುವ ಪಟ್ಟಿಗಳು ಬಹುಪಾಲು ಅಮೆರಿಕದವು. ಅವರ ಗೇಜೇ ಬೇರೆ, ಅಲ್ಲಿ 22 ಅಂದರೆ 0.64 ಮಿ.ಮೀ. ಹಾಗಾಗಿ ಗೇಜಿನ ಮಾತು ಬಿಟ್ಟು ಮಿಲಿಮೀಟರಿನಲ್ಲಿ ಯೋಚಿಸುವುದು ಕ್ಷೇಮ. ಒಂದು ವರ್ನಿಯರ್ ಇಟ್ಟುಕೊಳ್ಳಿ. ತಗಡನ್ನು ರೋಲರಿನಲ್ಲಿ ಎಳೆಸಿ ತಂದಿದ್ದರಂತೂ ಅಂಗಡಿಯವರ ಮಾತಿನ ಮೇಲೆ ಹೋಗದೆ ಅಳೆದೇ ನೋಡಿ.

ನಾಲ್ಕನೇ ನಂಬರಿನಲ್ಲಿ ಒಂದು ಸೆಂಟಿಮೀಟರಿಗೆ ಸುಮಾರು 15 ಹಲ್ಲು. ಅಂದರೆ ಹಲ್ಲಿನಿಂದ ಹಲ್ಲಿಗೆ 0.67 ಮಿ.ಮೀ. ನಿಮ್ಮ ತಗಡಿನ ದಪ್ಪ 0.71. ಯಾವ ಕ್ಷಣದಲ್ಲಿ ನೋಡಿದರೂ ತಗಡಿನೊಳಗೆ ಇರುವುದು ಒಂದೇ ಹಲ್ಲು. ಅದು ದಾಟಿದ ಕೂಡಲೇ ತಗಡಿನ ಅಂಚು ಎರಡು ಹಲ್ಲಿನ ನಡುವಿನ ಸಂದಿಗೆ ಬಿದ್ದು ಕೂರುತ್ತದೆ. ಮುಂದಿನ ಹಲ್ಲು ಬಂದು ಅದಕ್ಕೆ ಡಿಕ್ಕಿ ಹೊಡೆಯುತ್ತದೆ. ನೀವು ಬರೆದಿರುವ ‘ಕಚ್ಚಿಕೊಂಡು ಜಗ್ಗುವುದು’ ಇದೇ. ಕೈಯ ತಪ್ಪಲ್ಲ ಅದು.

ಪುಸ್ತಕದ ನಿಯಮ ಕೇಳಿದರೆ ತಗಡಿನ ದಪ್ಪದೊಳಗೆ ಮೂರು ಹಲ್ಲು ಇರಬೇಕು ಅನ್ನುತ್ತಾರೆ. ಲೆಕ್ಕ ಹಾಕಿ ನೋಡಿ, ಆ ನಿಯಮ ನಮ್ಮ ಮಣೆಯ ಮೇಲೆ ನಿಲ್ಲುವುದಿಲ್ಲ. 4/0ರಲ್ಲಿ ಸೆಂಟಿಮೀಟರಿಗೆ 26 ಹಲ್ಲು, ನಿಮ್ಮ ತಗಡಿಗೆ ಸಿಗುವುದು ಎರಡಕ್ಕಿಂತ ಚೂರು ಕಮ್ಮಿ. ಸೆಂಟಿಮೀಟರಿಗೆ 35 ಹಲ್ಲಿರುವ 8/0 ಹಾಕಿದರೂ ಎರಡೂವರೆಯೇ. ಮೂರು ಹಲ್ಲು ಬೇಕೇ ಬೇಕು ಅಂತ ಕೂತರೆ ಯಾರೂ ತೆಳು ತಗಡು ಕೊರೆಯುವ ಹಾಗೇ ಇಲ್ಲ. ಹೆಚ್ಚು ಕಮ್ಮಿ ಎರಡು ಹಲ್ಲು ಸಿಕ್ಕರೆ ಕೆಲಸ ಸರಾಗ. ಕೊರತೆಯನ್ನು ಕೈಯಿಂದ ತುಂಬಿಕೊಳ್ಳಬೇಕು: ನೇರ ಗೆರೆಯಲ್ಲಿ ಹೋಗುವಾಗ ಬ್ಲೇಡಿನ ಮೇಲಿನ ತುದಿಯನ್ನು ಸ್ವಲ್ಪ ಮುಂದಕ್ಕೆ ವಾಲಿಸಿದರೆ ಹಲ್ಲು ತಗಡನ್ನು ಓರೆಯಾಗಿ ದಾಟುತ್ತದೆ, ಒಳಗೆ ಇನ್ನಷ್ಟು ಹಲ್ಲು ಸಿಗುತ್ತದೆ. ತಿರುವಿನಲ್ಲಿ ಮಾತ್ರ ಮತ್ತೆ ನೆಟ್ಟಗೆ ಮಾಡಿಕೊಳ್ಳಬೇಕು.

ಹಾಗಾದರೆ 8/0 ಯಾಕೆ ಮುರಿಯಿತು? ಅದರ ಅಲಗು 0.16 ಮಿ.ಮೀ. ದಪ್ಪ, ಹಲ್ಲಿನಿಂದ ಬೆನ್ನಿಗೆ 0.32. 4/0ದು 0.22 ಮತ್ತು 0.44. ಗುಣಿಸಿ ನೋಡಿ, 8/0ರಲ್ಲಿ ಇರುವ ಉಕ್ಕು 4/0ರ ಅರ್ಧಕ್ಕೆ ತುಸು ಹೆಚ್ಚು, ಅಷ್ಟೆ. ದಪ್ಪ ಬ್ಲೇಡಿನಲ್ಲಿ ಒತ್ತಿ ಒತ್ತಿ ಅಭ್ಯಾಸವಾದ ಕೈ ಅದೇ ಬಲವನ್ನು ಇದರ ಮೇಲೂ ಹಾಕಿತು. 8/0 ಇರುವುದು ಕಾಗದದಂಥ ತಗಡಿಗೆ, ಕಣ್ಣಿಗೆ ಗಾಜು ಹಾಕಿಕೊಂಡು ಮಾಡುವ ಸೂಕ್ಷ್ಮಕ್ಕೆ. ಅದನ್ನು ಎಸೆಯಬೇಡಿ, ಒಂದು ವರ್ಷ ಬಿಟ್ಟು ಬೇಕಾಗುತ್ತದೆ.

ನಿಮ್ಮ ಪದಕಕ್ಕೆ 4/0. ಕೈ ಇನ್ನೂ ಒರಟು ಅನ್ನಿಸಿದರೆ ಮೊದಲ ತಿಂಗಳು 3/0. ಮುಂದೆ 20 ಗೇಜಿಗೆ (0.91 ಮಿ.ಮೀ.) 3/0 ಅಥವಾ 2/0, 18ಕ್ಕೆ (1.22) ಒಂಟಿ ಸೊನ್ನೆ ಅಥವಾ 1, ಓಲೆಗೆ ಬಳಸುವ 24ಕ್ಕೆ (0.56) 5/0 ಅಥವಾ 6/0. ಒಂದೇ ಒಂದು ನಂಬರು ಇಟ್ಟುಕೊಂಡು ಬದುಕಬೇಕು ಅಂದರೆ ನಾನು 3/0 ಇಟ್ಟುಕೊಳ್ಳುತ್ತೇನೆ. ಇದಕ್ಕೆ ಜಗಳ ಮಾಡುವ ಆಚಾರ್ರು ಹಾಸನದಲ್ಲೇ ಸಿಗುತ್ತಾರೆ.

ಹಾರ್ಡ್‌ವೇರ್ ಅಂಗಡಿಯ ಬ್ಲೇಡಿನಲ್ಲಿ ಇನ್ನೊಂದು ತೊಂದರೆಯೂ ಇದ್ದಿರಬಹುದು. ಅಲ್ಲಿ ಬಹಳ ಸಲ ಸಿಗುವುದು ಪ್ಲೈವುಡ್ ಕೊರೆಯುವ ಬ್ಲೇಡು. ನೋಡಲು ಒಂದೇ ಥರ, ಆದರೆ ಮರದ ಪುಡಿ ಹೊರಬರಲಿ ಅಂತ ಹಲ್ಲುಗಳನ್ನು ದೂರ ದೂರ ಇಟ್ಟಿರುತ್ತಾರೆ. ಬೆಳ್ಳಿಗೆ ಅದು ಆಗದು. ಹಗ್ಗದ ಹಾಗೆ ಹುರಿ ಮಾಡಿರುವ ಬ್ಲೇಡು ಕೊಟ್ಟರೆ ಅದನ್ನೂ ವಾಪಸ್ ಕೊಡಿ, ಅದು ಮೇಣದ ಅಚ್ಚು ಕೊರೆಯಲು.

ಈಗ ಒಳ್ಳೆಯ ಬ್ಲೇಡು ಗುರುತಿಸುವುದು ಹೇಗೆ. ಬ್ಲೇಡು ಡಜನ್ ಲೆಕ್ಕದಲ್ಲಿ, ಸಣ್ಣ ತಂತಿ ಸುತ್ತಿದ ಕಟ್ಟಾಗಿ ಬರುತ್ತದೆ. 12 ಡಜನ್ ಸೇರಿದರೆ ಒಂದು ಗ್ರೋಸು, 144. ಹೊಸ ಹೆಸರಿನದು ಎಷ್ಟೇ ಹೊಗಳಿದರೂ ಮೊದಲಿಗೆ ಗ್ರೋಸ್ ಕೊಳ್ಳಬೇಡಿ. ಒಂದು ಡಜನ್ ತಂದು ಕಿಟಕಿ ಬೆಳಕಿಗೆ ಕೂರಿ.

ಕಟ್ಟಿನ ನಡುವಿನಿಂದ ಒಂದನ್ನು ಎಳೆದು ತೆಗೆಯಿರಿ, ಮೇಲಿನದನ್ನಲ್ಲ. ಗಡಿಯಾರ ರಿಪೇರಿಯವರ ಐ ಗ್ಲಾಸ್ 10 ಪಟ್ಟಿನದು ಸಾಕು. ಮೊದಲು ಹಲ್ಲುಗಳ ತುದಿ ನೋಡಿ. ಎಲ್ಲ ಒಂದೇ ಎತ್ತರದಲ್ಲಿ, ತೆನೆಯ ಮೇಲಿನ ಜೋಳದ ಕಾಳಿನ ಹಾಗೆ ಸಾಲು ತಪ್ಪದೆ ಕೂತಿರಬೇಕು. ನಡುನಡುವೆ ಒಂದು ಹಲ್ಲು ಮೋಟಾಗಿದ್ದರೆ, ಅದರ ಹಿಂದಿನ ಹಲ್ಲು ಎರಡು ಪಾಲಿನ ಕೆಲಸ ಮಾಡಬೇಕಾಗುತ್ತದೆ. ಮುರಿಯುವುದು ಆ ಜಾಗದಲ್ಲೇ. ಆಮೇಲೆ ಹಲ್ಲಿನ ಬುಡದ ಸಂದಿ ನೋಡಿ. ಅಲ್ಲಿ ಲೋಹದ ಸಿಬಿರು ಸುರುಳಿಯಾಗಿ ಅಂಟಿಕೊಂಡಿದ್ದರೆ ಆ ಕಟ್ಟು ಅಗ್ಗದ್ದು, ಚೀಟಿಯ ಮೇಲೆ ಯಾವ ದೇಶದ ಹೆಸರಿದ್ದರೂ ಸರಿಯೆ. ಸಿಬಿರು ಒಂದೇ ಪಕ್ಕದಲ್ಲಿದ್ದರೆ ಇನ್ನೂ ಕಷ್ಟ: ಬ್ಲೇಡು ಆ ಪಕ್ಕಕ್ಕೆ ಎಳೆಯುತ್ತದೆ, ನೀವು ಗೆರೆ ಬಿಟ್ಟು ಹೋಗುತ್ತೀರಿ, ಕೈ ಸರಿಯಿಲ್ಲ ಅಂತ ನಿಮ್ಮನ್ನೇ ಬೈದುಕೊಳ್ಳುತ್ತೀರಿ. ನಾನು ಮೂರು ತಿಂಗಳು ಹಾಗೆ ಬೈದುಕೊಂಡಿದ್ದೇನೆ.

ಬೆನ್ನನ್ನೂ ನೋಡಿ. ಕೆಲವದರ ಬೆನ್ನು ಚಪ್ಪಟೆ, ಅಂಚು ಚೂಪು. ಕೆಲವದರ ಬೆನ್ನು ಗುಂಡು. ನಿಮ್ಮ ಜಾಲಂಧ್ರದಂಥ ಕೆಲಸಕ್ಕೆ, ಹೆಜ್ಜೆಗೊಂದು ತಿರುವು ಇರುವಲ್ಲಿ, ಗುಂಡು ಬೆನ್ನಿನದೇ ಬೇಕು. ಕೊರೆದ ದಾರಿಯಲ್ಲಿ ಅದು ಸಲೀಸಾಗಿ ತಿರುಗುತ್ತದೆ. ಚೌಕ ಬೆನ್ನಿನದು ತಿರುವಿನಲ್ಲಿ ಮೂಲೆ ಒತ್ತಿ ಹಿಡಿದುಕೊಳ್ಳುತ್ತದೆ. ಚೌಕದ್ದೇ ಸಿಕ್ಕಿದ್ದರೆ ಫ್ರೇಮಿಗೆ ಹಾಕಿದ ಮೇಲೆ ಬೆನ್ನಿನ ಎರಡು ಅಂಚಿಗೂ ನಯವಾದ ಎಣ್ಣೆಗಲ್ಲನ್ನು ಮೂರು ನಾಲ್ಕು ಸಲ ಹಗುರವಾಗಿ ಸವರಿ, ಸಾಕಷ್ಟು ಸುಧಾರಿಸುತ್ತದೆ.

ಮೂರನೆಯದು ಬಗ್ಗಿಸಿ ನೋಡುವುದು. ಎರಡು ತುದಿ ಹಿಡಿದು ಬಿಲ್ಲಿನ ಹಾಗೆ ಬಗ್ಗಿಸಿ. ಬಿಟ್ಟಾಗ ನೆಟ್ಟಗೆ ಬಂದರೆ ಹದ ಸರಿ ಇದೆ. ಬಾಗಿದ ಹಾಗೇ ಉಳಿದರೆ ಉಕ್ಕು ಮೆತ್ತಗೆ, ಹಲ್ಲು ಬೇಗ ಸವೆಯುತ್ತದೆ. ಇಷ್ಟು ಬಗ್ಗಿಸುವಾಗಲೇ ಪಟ್ಟೆಂದು ಹೋದರೆ ಹದ ಮೀರಿ ಗಟ್ಟಿ. ಕಣ್ಣಿನ ಜಾಗ್ರತೆ ಇರಲಿ, ಮುರಿದ ತುದಿ ಎಲ್ಲಿಗೆ ಹಾರುತ್ತದೆ ಅಂತ ಹೇಳಲಾಗದು. ಕನ್ನಡಕ ಇಲ್ಲದೆ ಇದನ್ನು ಮಾಡಬೇಡಿ, ಗರಗಸವನ್ನೂ ಹಿಡಿಯಬೇಡಿ.

ಕೊನೆಗೆ 20 ಗೇಜ್ ಹಿತ್ತಾಳೆ ತಗಡಿನ ಮೇಲೆ ಐದು ಸೆಂಟಿಮೀಟರ್ ಉದ್ದದ ಸಾಲು ಗೆರೆ ಎಳೆದು, ಅದೇ ಡಜನ್ನಿನ ಮೂರು ಬ್ಲೇಡಿನಲ್ಲಿ ಕೊರೆದು ನೋಡಿ. ಇಲ್ಲಿ ನೋಡಬೇಕಾದ್ದು ಒಂದು ಬ್ಲೇಡು ಎಷ್ಟು ಚೆನ್ನಾಗಿ ಕೊರೆಯಿತು ಅನ್ನುವುದನ್ನಲ್ಲ, ಮೂರೂ ಒಂದೇ ಥರ ಕೊರೆದವೇ ಅನ್ನುವುದನ್ನು. ಅಗ್ಗದ ಕಟ್ಟಿನಲ್ಲೂ ಎರಡು ಮೂರು ಬ್ಲೇಡು ಬಂಗಾರದಂಥವು ಇರುತ್ತವೆ. ಉಳಿದವು ಒಂದೊಂದೂ ಒಂದೊಂದು ಬುದ್ಧಿಯವು. ಕೈ ಪಳಗಿದವರು ಪ್ರತಿ ಬ್ಲೇಡಿನ ಬುದ್ಧಿ ಅರಿತು ಹೊಂದಿಕೊಳ್ಳುತ್ತಾರೆ. ಕಲಿಯುವವರಿಗೆ ಮಾತ್ರ ತಪ್ಪು ಕೈಯದೋ ಬ್ಲೇಡಿನದೋ ಗೊತ್ತೇ ಆಗುವುದಿಲ್ಲ. ಆದ್ದರಿಂದ ಸ್ವಿಸ್ ದಂಡವೇ ಅನ್ನುವ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಜನ ಸಾಮಾನ್ಯವಾಗಿ ಹೇಳುವುದಕ್ಕೆ ಉಲ್ಟಾ: ಕಲಿಯುವಾಗಲೇ ಒಳ್ಳೆಯದನ್ನು ಕೊಳ್ಳಿ, ಅಗ್ಗದ್ದನ್ನು ಪಳಗಿದ ಮೇಲೆ ಬೇಕಾದರೆ ಬಳಸಿ.

ಹೆಸರು ಕೇಳಿದ್ದೀರಿ. ಸ್ವಿಟ್ಜರ್ಲೆಂಡಿನ ಗ್ಲಾರ್ಡನ್-ವಲ್ಲೋರ್ಬ್ ನನ್ನ ಮೊದಲ ಆಯ್ಕೆ. ನಮ್ಮವರು ಅದನ್ನು ಅರಗಳಿಂದಾಗಿ ಬಲ್ಲರು, ಬ್ಲೇಡೂ ಅಷ್ಟೇ ಶಿಸ್ತಿನದು. ಸ್ವಿಸ್‌ನದೇ ಪೈಕ್, ಜರ್ಮನಿಯ ಆಂಟಿಲೋಪ್ ಕೂಡ ನಂಬಬಹುದಾದವು. ಆದರೆ ಹೆಸರಿನ ಚೀಟಿ ಅಂಟಿಸುವುದು ಸುಲಭ. ದೊಡ್ಡ ಊರಿನ ಒಂದು ಅಂಗಡಿಯಲ್ಲಿ ನನಗೆ ಸ್ವಿಸ್ ಚೀಟಿಯ ಗ್ರೋಸ್ ಕೊಟ್ಟಿದ್ದರು. ಹೊರಗಿನ ಎರಡು ಡಜನ್ ಅಸಲಿ, ಒಳಗಿನ ಹತ್ತು ಡಜನ್ನಿನ ಹಲ್ಲು ನೋಡಿದರೆ ಇಲಿ ಕಡಿದ ಹಾಗಿತ್ತು. ನಡುವಿನಿಂದ ಎಳೆದು ನೋಡಿ ಅಂದದ್ದು ಅದಕ್ಕೇ. ಬೆಂಗಳೂರಿಗೆ ಹೋಗುವವರಿದ್ದರೆ ನಗರ್ತಪೇಟೆಯ ಸುತ್ತ ಅಕ್ಕಸಾಲಿಗರ ಸಾಮಾನು ಸಿಗುತ್ತದೆ. ಇಲ್ಲದಿದ್ದರೆ ನಿಮ್ಮೂರಿನ ಒಡವೆ ಅಂಗಡಿಗಳಿಗೆ ಕೆಲಸ ಮಾಡಿಕೊಡುವ ಆಚಾರ್ರನ್ನು ಕೇಳಿ, ಅವರು ತರಿಸುವಾಗ ನಿಮಗೂ ಎರಡು ಡಜನ್ ಸೇರಿಸುತ್ತಾರೆ. ಈ ಸಲ ‘ನಾಲ್ಕು’ ಅನ್ನಬೇಡಿ.

ದುಡ್ಡಿನ ಮಾತು ಬಂದಿದ್ದರಿಂದ ಒಂದು ಲೆಕ್ಕ. ನಿಮ್ಮ ಪದಕದಲ್ಲಿ 20 ಕಿಂಡಿ, ಒಂದೊಂದರ ಸುತ್ತಳತೆ 3 ಸೆಂ.ಮೀ. ಅಂದುಕೊಳ್ಳಿ. ಒಟ್ಟು 60 ಸೆಂ.ಮೀ. ಕೊರೆತ. 0.71 ಮಿ.ಮೀ. ತಗಡಿನಲ್ಲಿ 4/0 ಬ್ಲೇಡು ಪುಡಿ ಮಾಡುವ ಬೆಳ್ಳಿ ಸುಮಾರು 1 ಗ್ರಾಂ. ನಾಲ್ಕನೇ ನಂಬರು ಪುಡಿ ಮಾಡುವುದು 1.7 ಗ್ರಾಂ. ಅದೇ ಪದಕ 22 ಕ್ಯಾರಟ್ ಚಿನ್ನದ್ದಾದರೆ 1.7 ಗ್ರಾಂ ಮತ್ತು 2.9 ಗ್ರಾಂ. ಪುಡಿ ಎಲ್ಲೂ ಹೋಗುವುದಿಲ್ಲ, ತೊಡೆಯ ಮೇಲಿನ ಬಟ್ಟೆಗೇ ಬೀಳುತ್ತದೆ, ನಿಜ. ಆದರೆ ಕೂಡಿಸಿ ಕರಗಿಸುವಾಗ ಪೂರ್ತಿ ವಾಪಸು ಬರುವುದಿಲ್ಲ ಅನ್ನುವುದು ಒಡವೆ ಮಾಡಿಸಿದ ಪ್ರತಿ ಮನೆಯವರಿಗೂ ಗೊತ್ತು. ನಮ್ಮ ಜನ ಅಕ್ಕಸಾಲಿಗನ ಮೇಲೆ ಕಟ್ಟಿದ ಗಾದೆಗಳೆಲ್ಲ ಹುಟ್ಟಿದ್ದು ಈ ಪುಡಿಯಿಂದಲೇ!

ಒಳ್ಳೆಯ ಬ್ಲೇಡು ತಂದ ಮೇಲೂ ಮುರಿದರೆ ಫ್ರೇಮು ನೋಡಿ. ಹಲ್ಲು ಹೊರಮುಖವಾಗಿ, ಹಿಡಿಯ ಕಡೆಗೆ ಕೆಳಮುಖವಾಗಿ ಇರಬೇಕು. ಸಣ್ಣ ಬ್ಲೇಡಿನಲ್ಲಿ ಹಲ್ಲು ಕಣ್ಣಿಗೆ ಕಾಣದು, ಬೆರಳನ್ನು ಹಿಡಿಯ ಕಡೆಯಿಂದ ಮೇಲಕ್ಕೆ ಮೆಲ್ಲಗೆ ಸವರಿ. ಬೆಕ್ಕಿನ ಮೈಯನ್ನು ಬಾಲದಿಂದ ತಲೆಗೆ ಸವರಿದ ಹಾಗೆ ತಡೆದರೆ ಸರಿಯಾಗಿ ಕೂತಿದೆ. ಒಂದು ತುದಿ ಬಿಗಿದು, ಫ್ರೇಮಿನ ತಲೆಯನ್ನು ಮಣೆಯ ಅಂಚಿಗೆ ಒತ್ತಿ, ಹಿಡಿಯನ್ನು ಎದೆಯಿಂದ ತುಸು ತಳ್ಳಿ ಫ್ರೇಮು ಬಾಗಿದಾಗ ಇನ್ನೊಂದು ತುದಿ ಬಿಗಿಯಿರಿ. ಬಿಟ್ಟು ಉಗುರಿನಿಂದ ಮೀಟಿ. ‘ಟಿಣ್’ ಅನ್ನಬೇಕು. ‘ದಬ್’ ಅಂದರೆ ಸಡಿಲ, ಮೊದಲ ತಿರುವಿಗೇ ಮುರಿಯುತ್ತದೆ. 8/0ಕ್ಕೆ ಮಾತ್ರ ಅಷ್ಟು ಎದೆ ಕೊಡಬೇಡಿ. ಉದ್ದ ಹೊಂದಿಸಬಹುದಾದ ಫ್ರೇಮನ್ನೇ ಕೊಳ್ಳಿ. ಬ್ಲೇಡಿನ ಒಂದು ತುದಿ ಮುರಿದರೆ ಫ್ರೇಮು ಗಿಡ್ಡ ಮಾಡಿ ಉಳಿದ ತುಂಡಿನಲ್ಲಿ ಇನ್ನೊಂದು ಓಲೆ ಮುಗಿಸಬಹುದು.

ಕೊರೆಯುವಾಗ ಬ್ಲೇಡಿನ ಉದ್ದ 13 ಸೆಂ.ಮೀ. ಇದ್ದರೂ ಹೊಸಬರು ನಡುವಿನ ಎರಡು ಮೂರು ಸೆಂಟಿಮೀಟರಿನಲ್ಲೇ ಗೀಚುತ್ತಾರೆ. ಆ ಜಾಗ ಸವೆದು ಬಿಸಿಯಾಗಿ ಹೋಗುತ್ತದೆ. ಉದ್ದಕ್ಕೆ ಎಳೆಯಿರಿ, ನಿಧಾನ. ಕೊರೆಯುವುದು ಕೆಳಗಿನ ಎಳೆತ ಮಾತ್ರ, ಮೇಲೆ ಬರುವಾಗ ಒತ್ತಬೇಡಿ. ತಿರುವು ಬಂದಾಗ ಮುಂದೆ ಹೋಗುವುದು ನಿಲ್ಲಿಸಿ, ಅಲ್ಲೇ ಮೇಲೆ ಕೆಳಗೆ ಆಡಿಸುತ್ತಾ ತಗಡನ್ನು ತಿರುಗಿಸಿ. ಫ್ರೇಮು ನಿಮ್ಮ ಎದುರಿಗೇ ಇರಲಿ. ಕಿಂಡಿಯ ಮೂಲೆ ಚೂಪಾಗಿ ಬರಬೇಕು ಅಂದರೆ ಮೂಲೆಯಲ್ಲಿ ತಿರುಗಿಸಲೇ ಬೇಡಿ. ಮೂಲೆ ತನಕ ಹೋಗಿ, ಹಿಂದೆ ಬಂದು, ಇನ್ನೊಂದು ಕಡೆಯಿಂದ ಅದೇ ಮೂಲೆಗೆ ಬನ್ನಿ. ಬ್ಲೇಡು ತೂರಿಸಲು 0.8 ಅಥವಾ 1 ಮಿ.ಮೀ. ತೂತು ಸಾಕು.

ಬೆಳ್ಳಿ ಮೆತ್ತಗಿರಲಿ ಅಂತ ಕಾಯಿಸಿ ಹದ ಮಾಡಿದ ತಗಡನ್ನೇ ಕೊರೆಯುತ್ತಿದ್ದೀರೇನೋ ಅನ್ನುವ ಅನುಮಾನ ನನಗಿದೆ. ಅದು ಬೇಡ. ಹಳೇಬೀಡಿನ ಬಳಪದ ಕಲ್ಲಿಗೆ ಮೆತ್ತಗಿರುವುದು ಗುಣವಾಗಿರಬಹುದು, ಗರಗಸಕ್ಕೆ ಅಲ್ಲ. ಕಾಯಿಸಿದ ತಗಡು ಹಲ್ಲಿನ ಸಂದಿಗೆ ಮೆತ್ತಿಕೊಳ್ಳುತ್ತದೆ. ರೋಲರಿನಿಂದ ಬಂದ ಗಟ್ಟಿ ತಗಡು ಚೆನ್ನಾಗಿ ಕೊರೆಯುತ್ತದೆ. ಕೊರೆದ ಮೇಲೆ ಬೇಕಾದರೆ ಕಾಯಿಸಿ. ಅಪ್ಪಟ ಬೆಳ್ಳಿಗಿಂತ 92.5 (ನೂರಕ್ಕೆ 92.5 ಪಾಲು ಬೆಳ್ಳಿ, ಉಳಿದದ್ದು ಬೆರಕೆ) ಒಳ್ಳೆಯದು ಅನ್ನುವುದಕ್ಕೂ ಇದೇ ಕಾರಣ.

ಬ್ಲೇಡಿಗೆ ಸವರಲು ಜೇನುಮೇಣ. ನಿಮ್ಮ ಕಡೆ ಕಾಫಿ ತೋಟದಲ್ಲಿ ಜೇನು ಪೆಟ್ಟಿಗೆ ಇಟ್ಟವರು ಮುಷ್ಟಿಯಷ್ಟು ಮೇಣ ಸುಮ್ಮನೆ ಕೊಡುತ್ತಾರೆ. ಬೆನ್ನಿಗೂ ಪಕ್ಕಕ್ಕೂ ಒಂದೇ ಒಂದು ಸಲ ಎಳೆಯಿರಿ. ಹಲ್ಲಿಗೆ ತುಂಬಿದರೆ ಪುಡಿ ಅಂಟಿಕೊಂಡು ಕೊರೆಯುವುದೇ ನಿಲ್ಲುತ್ತದೆ. ಸೋಪು ಸವರುವವರಿದ್ದಾರೆ, ಅದು ತೇವ ಎಳೆದು ತುಕ್ಕು ತರುತ್ತದೆ.

ತುಕ್ಕು ನಿಮ್ಮ ಊರಿನ ದೊಡ್ಡ ಶತ್ರು. ಆಷಾಢದ ಮಳೆಯಲ್ಲಿ ಬೀರುವಿನ ಒಳಗಿನ ಬಟ್ಟೆಗೇ ಬೂಸಲು ಬರುವಾಗ ಕೂದಲಿನಂಥ ಉಕ್ಕಿನ ಗತಿ ಏನು? ಒಂದು ಚುಕ್ಕೆ ತುಕ್ಕು ಬಿದ್ದರೂ ಬ್ಲೇಡು ಅಲ್ಲೇ ಮುರಿಯುತ್ತದೆ. ಹೊಲಿಗೆ ಮಿಷಿನ್ ಎಣ್ಣೆ ಒರೆಸಿದ ಕಾಗದದಲ್ಲಿ ಸುತ್ತಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಚಪ್ಪಲಿ ಪೆಟ್ಟಿಗೆಯಲ್ಲಿ ಬರುತ್ತದಲ್ಲ ಆ ಸಿಲಿಕಾ ಜೆಲ್ ಪೊಟ್ಟಣ ಒಂದೆರಡು ಹಾಕಿಡಿ. ಕೊಬ್ಬರಿ ಎಣ್ಣೆ ಬೇಡ. ಧನುರ್ಮಾಸದ ಚಳಿಗೆ ಗಟ್ಟಿಯಾಗುತ್ತದೆ, ದಿನ ಕಳೆದಂತೆ ಅಂಟಾಗುತ್ತದೆ. ಒಂದು ಡಜನ್ ಬಿಚ್ಚಿದರೆ ಅದು ಮುಗಿಯುವ ತನಕ ಇನ್ನೊಂದರ ತಂತಿ ಬಿಚ್ಚಬೇಡಿ.

ಮುರಿದ ಹನ್ನೊಂದರ ಚೂರುಗಳು ಈಗಾಗಲೇ ನಿಮ್ಮ ಬೆಳ್ಳಿ ಪುಡಿಯಲ್ಲಿ ಸೇರಿರುತ್ತವೆ. ಅದನ್ನು ಹಾಗೇ ಮೂಸೆಗೆ ಹಾಕಬೇಡಿ, ಉಕ್ಕು ಬೆಳ್ಳಿಯಲ್ಲಿ ಕರಗದೆ ಗಟ್ಟಿ ಗಂಟಾಗಿ ಉಳಿದು, ಮುಂದೆ ತಗಡು ಎಳೆಯುವಾಗ ಬಿರುಕು ಬಿಡಿಸುತ್ತದೆ. ಪುಡಿಯನ್ನು ಬಿಳಿ ಕಾಗದದ ಮೇಲೆ ಹರಡಿ, ಒಂದು ಅಯಸ್ಕಾಂತಕ್ಕೆ ತೆಳು ಪ್ಲಾಸ್ಟಿಕ್ ಕವರು ಸುತ್ತಿ ಮೇಲಿಂದ ಮೂರು ನಾಲ್ಕು ಸಲ ಆಡಿಸಿ. ಆಮೇಲೆ ಕವರನ್ನು ಒಳಹೊರಗು ಮಾಡಿ ಎಳೆದರೆ ಉಕ್ಕಿನ ಚೂರೆಲ್ಲ ಅದರೊಳಗೇ ಉಳಿಯುತ್ತದೆ, ಅಯಸ್ಕಾಂತ ಚೊಕ್ಕಟವಾಗಿ ಕೈಗೆ ಬರುತ್ತದೆ.